ಮಾತು ಬಿಟ್ಟ ಮಳೆಗಾಲ

ಕಳೆದ ಜೂನ್‌ನಲ್ಲಿ ನಮ್ಮ ಕಾಲೇಜಿಗೆ ಹೊಸ ಕಂಪ್ಯೂಟರುಗಳು ಬಂದವು. ಬಿ.ಎ. ಮೊದಲ ವರ್ಷಕ್ಕೆ ಸೇರಿದ್ದ ಕಣ್ಣು ಕಾಣದ ಹುಡುಗಿಯೊಬ್ಬಳಿಗೆಂದು ಒಂದನ್ನು ಗ್ರಂಥಾಲಯದ ಮೂಲೆಯಲ್ಲಿಟ್ಟು, ಲಿನಕ್ಸ್ ಎಂಬ ಮುಕ್ತ ತಂತ್ರಾಂಶ ಹಾಕಲು ಪೆನ್‌ಡ್ರೈವ್ ಚುಚ್ಚಿದೆ. ನಾನು ಕನ್ನಡಕ ಹುಡುಕಿ ಹಾಕಿಕೊಳ್ಳುವಷ್ಟರಲ್ಲಿ ಯಂತ್ರ ತಾನಾಗಿ ಮಾತಾಡಿತು. ಯಾವ ಭಾಷೆ ಬೇಕೆಂದು ಕೇಳಿತು. ಹುಡುಗಿ ಕೀಲಿ ಒತ್ತಿ ಉತ್ತರ ಕೊಟ್ಟಳು, ಅದು ಮುಂದಿನದನ್ನು ಕೇಳಿತು. ನಾನು ಮಾಡುವುದೇನೂ ಉಳಿಯಲಿಲ್ಲ. ಹೊರಗೆ ಧಾರವಾಡದ ಜಿಟಿಜಿಟಿ ಮಳೆ ಹಿಡಿದಿತ್ತು. ನಾನು ಎದ್ದು ಕಿಟಕಿಯ ಹತ್ತಿರ ಹೋಗಿ ಬಹಳ ಹೊತ್ತು ನಿಂತೆ. ಮುಕುಂದ ಸರ್ ಇದ್ದಿದ್ದರೆ ಏನನ್ನುತ್ತಿದ್ದರೋ ತಿಳಿಯದು. ಅವರು ಒಪ್ಪುತ್ತಿದ್ದರೆಂದು ಧೈರ್ಯವಾಗಿ ಹೇಳಲು ಇಂದಿಗೂ ನನ್ನಿಂದಾಗದು.

ಎರಡು ಸಾವಿರದ ಐದನೆಯ ಇಸವಿಯ ಮಳೆಗಾಲ ಅದು. ನಾನು ಕಾಲೇಜಿನಲ್ಲಿ ಗಣಿತ ಕಲಿಸಲು ಸೇರಿ ಕೆಲವು ವರ್ಷಗಳಾಗಿದ್ದವು. ಮಾಳಮಡ್ಡಿಯಲ್ಲಿ ಅಕ್ಕನ ಮನೆಯ ಮೇಲಿನ ಕೋಣೆಯಲ್ಲಿದ್ದೆ. ಅಲ್ಲಿಂದ ಸ್ವಲ್ಪ ದೂರಕ್ಕೆ ಮುಕುಂದ ಸರ್ ಅವರ ಮನೆ. ಅವರು ಹುಬ್ಬಳ್ಳಿಯ ಪ್ರೌಢಶಾಲೆಯೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವರು. ನಲವತ್ತು ದಾಟಿದ ಮೇಲೆ ಸಕ್ಕರೆ ಕಾಯಿಲೆ ಕಣ್ಣಿಗಿಳಿಯಿತು. ಮೊದಲು ಕಪ್ಪುಹಲಗೆಯ ಮೇಲೆ ತಾವೇ ಬರೆದದ್ದು ಕಾಣದಾಯಿತು, ಆಮೇಲೆ ಮುಂದಿನ ಬೆಂಚಿನ ಹುಡುಗರ ಮುಖ. ನೌಕರಿ ಬಿಟ್ಟು ಮನೆ ಸೇರಿದವರು ಎರಡು ವರ್ಷ ಯಾರ ಜೊತೆಗೂ ಹೆಚ್ಚು ಮಾತಾಡಲಿಲ್ಲವೆಂದು ಅವರ ಹೆಂಡತಿ ಶಾಲಿನಿ ವೈನಿ ಹೇಳುತ್ತಿದ್ದರು.

ಅವರನ್ನು ಮತ್ತೆ ಮಾತಿಗೆಳೆದವನು ಈರಣ್ಣ. ಶಿರಗುಪ್ಪಿಯ ಒಕ್ಕಲುತನದ ಮನೆಯವನು, ಶಾಲೆಯಲ್ಲಿ ಸರ್ ಅವರ ಶಿಷ್ಯ. ಬೆಂಗೇರಿಯಲ್ಲಿ ಕಂಪ್ಯೂಟರ್ ರಿಪೇರಿಯ ಪುಟ್ಟ ಅಂಗಡಿ ಇಟ್ಟಿದ್ದ. ದೊಡ್ಡ ಊರಿನ ಕಚೇರಿಯೊಂದು ಒಟ್ಟಾಗಿ ಮಾರಿದ ಹಳೆಯ ಲ್ಯಾಪ್‌ಟಾಪ್‌ಗಳ ಲಾಟಿನಲ್ಲಿ ಒಂದನ್ನು ಎತ್ತಿಕೊಂಡು, ಅದಕ್ಕೆ ಲಿನಕ್ಸ್ ಹಾಕಿ, ಪರದೆಯನ್ನು ಓದಿ ಹೇಳುವ ತಂತ್ರಾಂಶ ಕೂಡಿಸಿ, ಒಂದು ಭಾನುವಾರ ಸರ್ ಅವರ ತೊಡೆಯ ಮೇಲೆ ತಂದಿಟ್ಟ. ಅಂದಿನಿಂದ ಆ ಮನೆಯಲ್ಲಿ ಮೂರನೆಯ ದನಿಯೊಂದು ಸೇರಿಕೊಂಡಿತು. ಮೂಗಿನಿಂದ ಬರುವಂಥ ದನಿ. ಕನ್ನಡವನ್ನು ಪರದೇಶದವರಂತೆ ಉಚ್ಚರಿಸುತ್ತಿತ್ತು. ಹಳ್ಳಿ ಎಂಬುದು ಅದರ ಬಾಯಲ್ಲಿ ಹಲ್ಲಿಯಾಗುತ್ತಿತ್ತು. ಸರ್ ಬೆಳಗಿನಿಂದ ಸಂಜೆಯವರೆಗೆ ಅದರೆದುರು ಕೂತಿರುತ್ತಿದ್ದರು. ಒಗ್ಗರಣೆ ಹಾಕುವಾಗಲೂ ಅದರ ವಟವಟ ತಪ್ಪುವುದಿಲ್ಲವೆಂದು ವೈನಿ ಗೊಣಗುತ್ತಿದ್ದರು. ಗೊಣಗುತ್ತಲೇ, ಯಂತ್ರವನ್ನೂ ಲೆಕ್ಕಕ್ಕೆ ಹಿಡಿದು, ಇಬ್ಬರಿಗೂ ಚಹಾ ತಂದಿದ್ದೇನೆ ಎಂದು ನಗುತ್ತಿದ್ದರು.

ನಾನು ಆ ಮನೆಗೆ ಹೋಗತೊಡಗಿದ್ದು ಅನುವಾದಕ್ಕೆ. ಸರ್, ಈರಣ್ಣ, ನಾನು ಮತ್ತು ಇಬ್ಬರು ಇಂಜಿನಿಯರಿಂಗ್ ವಿದ್ಯಾರ್ಥಿಗಳು ಸೇರಿ ಹಳ್ಳಿಯ ಶಾಲೆಗಳಿಗೆಂದು ಕನ್ನಡದ ಲಿನಕ್ಸ್ ಸೀಡಿ ಮಾಡುತ್ತಿದ್ದೆವು. ಅದಕ್ಕೆ ‘ಬಯಲು’ ಎಂದು ಹೆಸರಿಟ್ಟವರು ಸರ್. ಸೀಡಿಯ ಹೊದಿಕೆಯ ಮೇಲಿನ ಸಾಲೂ ಅವರದೇ: ಇದರಲ್ಲಿರುವುದೆಲ್ಲ ನಿಮ್ಮದು, ನಕಲು ಮಾಡಿಕೊಳ್ಳಿ, ತಿದ್ದಿಕೊಳ್ಳಿ, ಹಂಚಿ. ಅಮರಗೋಳದಿಂದ ಹಿಡಿದು ನವಲಗುಂದದ ದಾರಿಯ ಹಳ್ಳಿಗಳವರೆಗೆ ನಾವು ಸೀಡಿ ಹಿಡಿದುಕೊಂಡು ಶಾಲೆಗಳಿಗೆ ಹೋಗುತ್ತಿದ್ದೆವು. ಮಾಸ್ತರರಿಗೆ ಆ ಸಾಲನ್ನು ಓದಿ ಹೇಳಿದಾಗ ಅವರು ನಂಬದೆ ಇನ್ನೊಮ್ಮೆ ಕೇಳುತ್ತಿದ್ದರು. ಯಾರ ಅಪ್ಪಣೆಯೂ ಬೇಡವೇ? ಬೇಡ ಅನ್ನುತ್ತಿದ್ದರು ಸರ್, ಮುಖ ಅರಳಿಸಿಕೊಂಡು.

ಆ ವರ್ಷ ಬೇಸಿಗೆಯಲ್ಲಿ ಹುಬ್ಬಳ್ಳಿಯ ಹೊರಗಿನ ಕಣ್ಣು ಕಾಣದ ಮಕ್ಕಳ ವಸತಿ ಶಾಲೆಯೊಂದು ನಮ್ಮನ್ನು ಕರೆಯಿತು. ಅದೇ ಲಾಟಿನ ಉಳಿದ ಲ್ಯಾಪ್‌ಟಾಪ್‌ಗಳನ್ನು ಯಾರೋ ಕೊಂಡು ಆ ಶಾಲೆಗೆ ದಾನ ಕೊಟ್ಟಿದ್ದರು. ಮಕ್ಕಳು ತಾವೇ ಸೀಡಿ ಹಾಕಿ, ತಾವೇ ಯಂತ್ರವನ್ನು ಸಿದ್ಧಪಡಿಸಿಕೊಳ್ಳುವಂತೆ ಮೊದಲಿನಿಂದ ಕೊನೆಯವರೆಗೆ ಮಾತಾಡುವ ‘ಬಯಲು’ ಮಾಡಿಕೊಡುತ್ತೇವೆಂದು ಸರ್ ಮಾತು ಕೊಟ್ಟರು. ಶಾಲೆಯ ಜಗುಲಿಯ ಮೇಲೆ ಮಕ್ಕಳು ಅವರ ಕೈಬೆರಳು ಹಿಡಿದುಕೊಂಡು ಕೂತಿದ್ದನ್ನು ನಾನು ನೋಡಿದ್ದೇನೆ. ತಮ್ಮಂತೆ ಕಣ್ಣಿಲ್ಲದ ದೊಡ್ಡವರೊಬ್ಬರು ಕಂಪ್ಯೂಟರ್ ನಡೆಸುತ್ತಾರೆಂಬುದೇ ಅವರಿಗೆ ಹಬ್ಬವಾಗಿತ್ತು.

ಮಳೆ ಶುರುವಾಗುವ ಹೊತ್ತಿಗೆ ತೊಡಕು ಬಂತು. ಆ ಲ್ಯಾಪ್‌ಟಾಪ್‌ಗಳ ಧ್ವನಿ ಹೊರಡಿಸುವ ಚಿಪ್ ತಾನಾಗಿ ಏನೂ ಮಾಡದು. ಯಂತ್ರ ಹೊತ್ತಿಕೊಂಡಾಗಲೆಲ್ಲ ಅದನ್ನು ತಯಾರಿಸಿದ ಕಂಪನಿಯವರು ಬರೆದ ಪುಟ್ಟ ಫೈಲೊಂದನ್ನು ಅದರೊಳಗೆ ತುಂಬಬೇಕು. ಆಮೇಲೆಯೇ ಅದಕ್ಕೆ ಬಾಯಿ. ಅಂಥ ಫೈಲಿಗೆ ಫರ್ಮ್‌ವೇರ್ ಅನ್ನುತ್ತಾರೆ. ಅದು ಬರಿಯ ಅಂಕಿಗಳ ಗುಂಪು. ಒಳಗೆ ಏನು ಬರೆದಿದೆಯೆಂದು ಕಂಪನಿ ಯಾರಿಗೂ ತೋರಿಸಿರಲಿಲ್ಲ, ತಿದ್ದಲು ಹಂಚಲು ಅನುಮತಿಯನ್ನೂ ಕೊಟ್ಟಿರಲಿಲ್ಲ. ಆದರೂ ಅದು ವರ್ಷಗಟ್ಟಲೆ ಮುಕ್ತ ತಂತ್ರಾಂಶದ ಹೊಟ್ಟೆಯಲ್ಲೇ ಕೂತು ಊರೂರು ತಿರುಗುತ್ತಿತ್ತು. ಯಾರೂ ಗಮನಿಸಿರಲಿಲ್ಲ, ಅಥವಾ ಗಮನಿಸಿ ಸುಮ್ಮನಿದ್ದರು. ನಾನಾ ದೇಶಗಳ ಸ್ವಯಂಸೇವಕರು ಕಟ್ಟುತ್ತಿದ್ದ ದೊಡ್ಡ ವ್ಯವಸ್ಥೆಯ ಮೇಲೆ ನಮ್ಮ ‘ಬಯಲು’ ನಿಂತಿತ್ತು. ಅಲ್ಲಿ ಇಂಥ ಫೈಲುಗಳ ಬಗ್ಗೆ ದೊಡ್ಡ ಜಗಳವೆದ್ದು, ಅವನ್ನೆಲ್ಲ ಹೊರಗಿಡುವುದೆಂದು ತೀರ್ಮಾನವಾಯಿತು. ಹೊರಗಿಡುವ ಫೈಲುಗಳ ಯಾದಿ ನಮಗೂ ಬಂತು. ನಮ್ಮ ಸೀಡಿಯಲ್ಲಿ ಅವನ್ನು ಮತ್ತೆ ಸೇರಿಸಬೇಕೋ ಬೇಡವೋ ಎಂಬುದನ್ನು ನಾವು ನಿರ್ಧರಿಸಬೇಕಿತ್ತು.

ಕಂಪನಿಗೆ ಬರೆದೆವು. ತಮ್ಮೊಡನೆ ಒಪ್ಪಂದಕ್ಕೆ ಸಹಿ ಹಾಕಿದ ತಯಾರಕರ ಹೊರತು ಬೇರೆ ಯಾರೂ ಆ ಫೈಲನ್ನು ಹಂಚುವಂತಿಲ್ಲವೆಂದು ಎರಡು ಸಾಲಿನ ಉತ್ತರ ಬಂತು. ಮತ್ತೆ ಬರೆದಾಗ ಉತ್ತರವೇ ಬರಲಿಲ್ಲ.

ಸರ್ ಅವರ ಮನೆಯ ಪಡಸಾಲೆಯಲ್ಲಿ ಕೂಡಿದೆವು. ಎಲ್ಲರೂ ಒಪ್ಪಿದ್ದನ್ನು ಮಾತ್ರ ಸೀಡಿಗೆ ಹಾಕುವುದು ನಮ್ಮ ಪದ್ಧತಿ. ವಿದ್ಯಾರ್ಥಿಗಳಿಬ್ಬರೂ ಹಾಕೋಣವೆಂದರು. ನಾನೂ ಹಾಕೋಣವೆಂದೆ, ಆ ಜಗುಲಿಯ ಮಕ್ಕಳು ನನ್ನ ಕಣ್ಣಿಗೆ ಕಟ್ಟಿದ್ದರು. ಈರಣ್ಣನಿಗಂತೂ ಇದು ಚರ್ಚೆಗೆ ತಕ್ಕ ವಿಷಯವೇ ಆಗಿರಲಿಲ್ಲ. ಸರ್ ಮಾತ್ರ ಬೇಡವೆಂದರು.

“ಸರ್, ಕಣ್ಣಿದ್ದವ್ರಾದ್ರ ಆ ಫೈಲ್ ಬ್ಯಾರೇ ಕಡಿಂದ ತಂದು ಹಾಕ್ಕೋತಾರ,” ಎಂದ ಈರಣ್ಣ. “ಆ ಹುಡುಗ್ರು ಮಾತಾಡದ ಮಶೀನಿನ ಮುಂದ ಕುಂತು ಏನ್ ಮಾಡಬೇಕ್ರಿ? ಹಾಕಿದ್ದು ಆತೋ ಇಲ್ಲೋ ಅಂತ ಹೇಳಾಕರ ಅದಕ್ಕ ದನಿ ಬೇಕಲ್ರಿ.”

“ಖರೇ ಅದ. ನೀ ಹೇಳೂದು ಖರೇನ ಅದ,” ಎಂದರು ಸರ್. “ಆದ್ರ ಅದು ನಮ್ಮದಲ್ಲ, ಈರಣ್ಣ. ನಮ್ಮದಲ್ಲದ್ದನ್ನ, ಇದೆಲ್ಲಾ ನಿಮ್ಮದು ಅಂತ ಬರದು ಮಕ್ಕಳ ಕೈಯಾಗ ಹ್ಯಾಂಗ ಕೊಡೂದು?”

ಹೊದಿಕೆಯ ಮೇಲಿನ ಆ ಸಾಲನ್ನೇ ತಿದ್ದಿಬಿಡೋಣ, ಒಂದು ಫೈಲಿನ ಹೊರತು ಉಳಿದದ್ದು ನಿಮ್ಮದು ಎಂದು ಬರೆಯೋಣ ಎಂದೆ ನಾನು. ಹಾಗೆ ಬರೆದರೂ ಹಂಚುವ ಹಕ್ಕು ನಮಗೆ ಬಂದಂತಾಗುವುದಿಲ್ಲವೆಂದರು ಸರ್. ಇವತ್ತು ಧ್ವನಿಯ ಫೈಲಿಗೆ ಕಣ್ಣು ಮುಚ್ಚಿಕೊಂಡರೆ ನಾಳೆ ಇನ್ನೊಂದು ಬರುತ್ತದೆ, ಕೊನೆಗೆ ಶಾಲೆಗೆ ಕೊಡುವುದು ನಮ್ಮದೆಂಬ ಹೆಸರು ಮಾತ್ರ ಎಂದರು. ದನಿ ಏರಿಸಿ ಮಾತಾಡುವವರಲ್ಲ ಅವರು. ಆ ದಿನವೂ ಏರಿಸಲಿಲ್ಲ. ಅದು ಈರಣ್ಣನಿಗೆ ಇನ್ನಷ್ಟು ಸಿಟ್ಟು ತರಿಸಿತು.

“ನಿಮ್ಮ ಮಶೀನಿನ್ಯಾಗೂ ಅದೇ ಚಿಪ್ ಐತ್ರಿ,” ಎಂದ. “ಹೊಸಾ ಸೀಡಿ ಹಾಕಿದ್ರ ಅದೂ ಮೂಕ ಆಕ್ಕೈತಿ.”

“ಗೊತ್ತದ. ಆ ಯಾದಿ ನನಗ ಓದಿ ಹೇಳಿದ್ದು ಈ ಮಶೀನ. ತನ್ನ ಚಿಪ್ಪಿನ ಹೆಸರೂ ಓದಿತು.”

ಈರಣ್ಣ ತನ್ನ ಚೀಲ ಹೆಗಲಿಗೇರಿಸಿಕೊಂಡ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, ವೈನಿಯವರ ಕಡೆಗೆ ನೋಡಿ ಹೇಳಿದ:

“ನಿಮಗಾದ್ರ ಓದಿ ಹೇಳಾಕ ಮನ್ಯಾಗ ಬಾಯಾರು ಅದಾರ್ರೀ ಸರ್. ಆ ಹುಡುಗ್ರಿಗೆ ಯಾರ ಅದಾರ?”

ಅಷ್ಟು ಹೇಳಿ ಮಳೆಯಲ್ಲೇ ಹೊರಟುಹೋದ. ಸರ್ ಅವನು ಹೋದ ದಿಕ್ಕಿಗೆ ಮುಖ ಮಾಡಿಕೊಂಡೇ ಕೂತಿದ್ದರು. ವೈನಿ ಛತ್ರಿ ಹಿಡಿದು ಗೇಟಿನವರೆಗೆ ಓಡಿದರು, ಅಷ್ಟರಲ್ಲಿ ಅವನ ಸ್ಕೂಟರಿನ ಸದ್ದು ಓಣಿಯ ತಿರುವು ದಾಟಿತ್ತು. ಆಮೇಲೆ ಅವನು ಆ ಮನೆಗೆ ಬರುವುದನ್ನು ಬಿಟ್ಟ. ವಿದ್ಯಾರ್ಥಿಗಳೂ ಪರೀಕ್ಷೆಯ ನೆಪ ಹೇಳಿ ಒಬ್ಬೊಬ್ಬರಾಗಿ ದೂರವಾದರು.

ಮರುದಿನವೋ ಅದರ ಮರುದಿನವೋ, ಸರ್ ಆ ಫೈಲಿಲ್ಲದ ಹೊಸ ವ್ಯವಸ್ಥೆಯನ್ನು ಮೊದಲು ತಮ್ಮ ಲ್ಯಾಪ್‌ಟಾಪ್‌ಗೇ ಹಾಕಿದರು. ನಾನು ಪಕ್ಕದಲ್ಲಿದ್ದೆ. ಆ ಫೈಲೊಂದನ್ನು ನಿಮಗಾಗಿ ಮಾತ್ರ ಬೇರೆಯಾಗಿ ಇಟ್ಟುಕೊಳ್ಳಿ, ನಿಮ್ಮ ಸ್ವಂತ ಯಂತ್ರ, ಯಾರಿಗೂ ಹಂಚಿದಂತಾಗುವುದಿಲ್ಲ ಎಂದು ಬೇಡಿಕೊಂಡೆ. ಮಕ್ಕಳಿಗೆ ಕೊಡದದ್ದನ್ನು ತಾನಿಟ್ಟುಕೊಂಡು ಕೂಡ್ರುವುದು ಆಗದು ಎಂದರು. ಕೊನೆಯ ಕೀಲಿ ಒತ್ತಿದರು. ಯಂತ್ರ ಆರಿ ಮತ್ತೆ ಹೊತ್ತಿಕೊಂಡಿತು. ಪರದೆಯ ಮೇಲೆ ಅಕ್ಷರಗಳು ಬಂದವು, ನನಗೆ ಕಂಡವು. ಸರ್ ತಲೆ ವಾಲಿಸಿ ಕಾಯುತ್ತಿದ್ದರು. ಬರುವುದಿಲ್ಲವೆಂದು ತಿಳಿದಿದ್ದರೂ ಕಾಯುತ್ತಿದ್ದರು. ಅಡುಗೆಮನೆಯಿಂದ ವೈನಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, ಯಾಕೆ ಸುಮ್ಮನಾಯಿತೆಂದು ಕೇಳಿದರು.

ಸುಮ್ಮನೆ ಕೂಡ್ರಲು ಸರ್ ಅದನ್ನು ಮೂಕ ಮಾಡಿರಲಿಲ್ಲ. ಕಂಪನಿಯ ಫೈಲಿನ ಬದಲಿಗೆ ನಾವೇ ಒಂದನ್ನು ಬರೆಯೋಣ, ಅದು ನಿಜವಾಗಿಯೂ ನಮ್ಮದಾಗುತ್ತದೆ, ಆಗ ಆ ಶಾಲೆಗೆ ಕೊಡೋಣ ಎಂದರು. ಚಿಪ್ಪಿನ ಬಗ್ಗೆ ಕಂಪನಿಯೇ ಹಿಂದೆ ಅಚ್ಚು ಹಾಕಿಸಿದ್ದ ಹಳೆಯ ಕೈಪಿಡಿಯೊಂದು ಅರೆಬರೆಯಾಗಿ ಸಿಕ್ಕಿತು. ಉಳಿದದ್ದನ್ನು ಚಿಪ್ಪಿಗೆ ಒಂದೊಂದು ಅಂಕಿ ಕಳಿಸಿ, ಅದು ಏನು ಹಿಂದಿರುಗಿಸುತ್ತದೆಂದು ನೋಡಿ ತಿಳಿಯಬೇಕು. ನೋಡುವವಳು ನಾನು. ಅಂದಿನಿಂದ ಕಾಲೇಜು ಮುಗಿಸಿ ನೇರವಾಗಿ ಅಲ್ಲಿಗೆ ಹೋಗಿ ಅವರ ಪಕ್ಕ ಕೂತು ಪರದೆಯ ಅಂಕಿಗಳನ್ನು ಓದತೊಡಗಿದೆ.

ಆ ವರ್ಷ ಮಳೆ ಬಿಡುವು ಕೊಡಲಿಲ್ಲ. ಹಂಚಿನ ಮೇಲೆ ಬೀಳುವ ಸದ್ದು ಜೋರಾದಾಗ ನಾನೂ ಜೋರಾಗಿ ಓದಬೇಕಾಗುತ್ತಿತ್ತು. ಗೋಡೆಗಳು ತೇವ ಕುಡಿದು ಉಬ್ಬಿದ್ದವು. ಒಗೆದ ಬಟ್ಟೆಗಳನ್ನು ವೈನಿ ಪಡಸಾಲೆಯಲ್ಲೇ ಹಗ್ಗ ಕಟ್ಟಿ ಹರವುತ್ತಿದ್ದರು. ಆ ಹಸಿ ವಾಸನೆ, ಲ್ಯಾಪ್‌ಟಾಪ್ ಕಾದಾಗ ಬರುವ ದೂಳಿನ ವಾಸನೆ ಎರಡೂ ಸೇರಿ ಆ ಕೋಣೆಯದೇ ಒಂದು ವಾಸನೆಯಾಗಿತ್ತು. ಕರೆಂಟು ಹೋದರೆ ಕೆಲಸ ನಿಲ್ಲುತ್ತಿತ್ತು, ಏಕೆಂದರೆ ಹಳೆಯ ಬ್ಯಾಟರಿ ಸತ್ತುಹೋಗಿತ್ತು. ಆಗ ಸರ್ ಅಲ್ಲಿಯವರೆಗೆ ಕೇಳಿದ್ದನ್ನು ಬಾಯಿಪಾಠದಂತೆ ಹೇಳಿ ನನ್ನಿಂದ ತಪ್ಪು ಹುಡುಕಿಸುತ್ತಿದ್ದರು. ನಾನು ಬರಲಾಗದ ದಿನ ವೈನಿ ಓದುತ್ತಿದ್ದರು. ಅಂಕಿಗಳ ನಡುವೆ ಇಂಗ್ಲಿಷ್ ಅಕ್ಷರಗಳು ಯಾಕೆ ಬರುತ್ತವೆಂದು ಅವರಿಗೆ ತಿಳಿಯದು. ಆದರೂ ಬೆರಳಿಟ್ಟು ಒಂದೊಂದನ್ನೇ ಹೇಳುತ್ತಿದ್ದರು. ಈರಣ್ಣ ಬಾಗಿಲಲ್ಲಿ ನಿಂತು ಆಡಿದ ಮಾತು ಅವರ ಮನಸ್ಸಿನಲ್ಲಿ ಉಳಿದಿತ್ತೇನೋ, ಒಮ್ಮೆಯೂ ಬೇಸರ ತೋರಿಸಲಿಲ್ಲ.

ಆ ಇಬ್ಬರು ವಿದ್ಯಾರ್ಥಿಗಳಲ್ಲಿ ಒಬ್ಬ ಒಮ್ಮೆ ಬಂದು, ಕಂಪನಿಯ ಫೈಲನ್ನೇ ಬಿಚ್ಚಿ ಓದಿದರೆ ತಿಂಗಳ ಕೆಲಸ ವಾರದಲ್ಲಿ ಮುಗಿಯುತ್ತದೆಂದ. ಸರ್ ಕೈ ಅಡ್ಡ ಹಿಡಿದರು. ಅದನ್ನು ಒಮ್ಮೆ ಕೇಳಿದರೂ ಮುಂದೆ ತಾನು ಬರೆಯುವುದೆಲ್ಲ ಅದರ ನಕಲಾಗುತ್ತದೆ, ಕಿವಿಗೆ ಬಿದ್ದದ್ದನ್ನು ತನ್ನಿಂದ ಮರೆಯಲಾಗದು ಎಂದರು. ಹುಡುಗ ಚಹಾ ಕುಡಿದು ಹೋದ. ಮತ್ತೆ ಬರಲಿಲ್ಲ.

ನಾಗರ ಪಂಚಮಿಯ ಹೊತ್ತಿಗೆ ಹುಬ್ಬಳ್ಳಿಯಿಂದ ಸುದ್ದಿ ಬಂತು. ಈರಣ್ಣ ತಾನೇ ಒಂದು ಸೀಡಿ ಮಾಡಿ, ಆ ಫೈಲನ್ನೂ ಸೇರಿಸಿ, ವಸತಿ ಶಾಲೆಯ ಎಲ್ಲ ಲ್ಯಾಪ್‌ಟಾಪ್‌ಗಳಿಗೂ ಹಾಕಿಕೊಟ್ಟಿದ್ದ. ಹೊದಿಕೆಯ ಮೇಲೆ ‘ಬಯಲು’ ಎಂಬ ಹೆಸರು ಬಳಸಿರಲಿಲ್ಲ. ಯಾವ ಹೆಸರನ್ನೂ ಹಾಕಿರಲಿಲ್ಲ. ನಾನು ಒಂದು ಭಾನುವಾರ ಬಸ್ಸು ಹಿಡಿದು ಆ ಶಾಲೆಗೆ ಹೋಗಿ ನೋಡಿದೆ. ಮಕ್ಕಳು ಸಾಲಾಗಿ ಕೂತಿದ್ದರು, ಎಲ್ಲ ಯಂತ್ರಗಳೂ ಒಟ್ಟಿಗೆ ಮಾತಾಡುತ್ತಿದ್ದವು. ಒಬ್ಬ ಹುಡುಗಿ ತನ್ನ ಹೆಸರನ್ನು ಒತ್ತುವುದು, ಯಂತ್ರ ಅದನ್ನು ಕೂಗುವುದು, ಅವಳು ನಗುವುದು, ಮತ್ತೆ ಒತ್ತುವುದು. ಮುಕುಂದ ಸರ್ ಯಾವಾಗ ಬರುತ್ತಾರೆಂದು ಕೇಳಿದಳು. ಮಳೆ ನಿಂತ ಮೇಲೆ ಎಂದೆ.

ಹಿಂದಿರುಗಿ ಬಂದು ಸರ್ ಅವರಿಗೆ ಹೇಳಿದೆ. ಮುಚ್ಚಿಡಬೇಕೆನ್ನಿಸಲಿಲ್ಲ.

“ಎಲ್ಲಾವೂ ಮಾತಾಡ್ಲಿಕ್ಕೆ ಹತ್ಯಾವೇನು?”

“ಹೌದ್ರಿ.”

“ಛಲೋ ಆತು.”

ಅಷ್ಟು ಹೇಳಿ, ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆವು ಎಂದು ಕೇಳಿದರು. ನಾನು ಓದತೊಡಗಿದೆ. ಸ್ವಲ್ಪ ಹೊತ್ತಿನ ಮೇಲೆ ಅವರು ಕೇಳುತ್ತಿಲ್ಲವೆಂದು ಗೊತ್ತಾಯಿತು. ಕೈಗಳು ಕೀಲಿಗಳ ಮೇಲಿದ್ದವು, ಬೆರಳು ಅಲುಗುತ್ತಿರಲಿಲ್ಲ. ನಾನು ಓದುವುದನ್ನು ನಿಲ್ಲಿಸಿದ್ದು ಕೂಡ ಅವರಿಗೆ ತಿಳಿಯಲಿಲ್ಲ.

ಇನ್ನು ಯಾರಿಗಾಗಿ ಬರೆಯುತ್ತೀರಿ ಎಂದು ಕೇಳುವ ಮನಸ್ಸಾಗಿತ್ತು, ಕೇಳಲಿಲ್ಲ. ಆ ಹೊತ್ತಿಗೆ ಅವರ ಕಾಲು ಬಾತುಕೊಳ್ಳತೊಡಗಿತ್ತು. ಮುಖವೂ ಬೆಳಗ್ಗೆ ಊದಿಕೊಂಡಿರುತ್ತಿತ್ತು. ಸಕ್ಕರೆ ಕಾಯಿಲೆ ಈಗ ಮೂತ್ರಪಿಂಡ ಹಿಡಿದಿದೆಯೆಂದು ಡಾಕ್ಟರು ವೈನಿಗೆ ಹೇಳಿದ್ದರು. ವಿಶ್ರಾಂತಿ ತೆಗೆದುಕೊಳ್ಳಿ ಎಂದರೆ, ಕೂತಲ್ಲೇ ಕೂತಿರುವವನಿಗೆ ಇನ್ನೇನು ವಿಶ್ರಾಂತಿ ಎಂದು ಸರ್ ನಗುತ್ತಿದ್ದರು. ಗಣೇಶನ ಹಬ್ಬ ಮುಗಿದ ಮೇಲೆ ಒಂದು ಮಧ್ಯಾಹ್ನ, ಅವರು ಬರೆದದ್ದನ್ನು ಚಿಪ್ಪಿಗೆ ತುಂಬಿದಾಗ ಸ್ಪೀಕರಿನಿಂದ ಟಕ್ ಎಂದು ಸಣ್ಣ ಸದ್ದು ಬಂತು. ಹಿಂದೆಯೇ ಜೀರುಂಡೆಯಂಥ ಒಂದು ಗುಂಯ್‌ಗಾನ, ಎರಡು ಉಸಿರಿನಷ್ಟು, ಆಮೇಲೆ ನಿಂತಿತು. ನಾನು ಕಿರುಚಿಬಿಟ್ಟೆ. ವೈನಿ ಓಡಿ ಬಂದರು. ಸರ್ ಮತ್ತೆ ಮತ್ತೆ ಅದೇ ಕೀಲಿ ಒತ್ತಿಸಿ ಕೇಳಿದರು. ಅದು ಮಾತಲ್ಲ, ಸ್ವರವೂ ಅಲ್ಲ. ಆದರೆ ಆ ಸದ್ದು ನಮ್ಮದಾಗಿತ್ತು. ಆ ದಿನ ಅವರು ಎರಡು ಜೋಳದ ಭಕ್ಕರಿ ತಿಂದರೆಂದು ವೈನಿ ವರ್ಷಗಟ್ಟಲೆ ಹೇಳುತ್ತಿದ್ದರು.

ಅದರಿಂದ ಮುಂದಕ್ಕೆ ಹೋಗಲು ಅವರಿಗೆ ಕಾಲ ಸಿಗಲಿಲ್ಲ. ದಸರೆಗೆ ಮುಂಚೆ ಉಸಿರಾಟದ ತೊಂದರೆಯಾಗಿ ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಿದೆವು. ನಾನು ಬೆಂಗೇರಿಗೆ ಹೋಗಿ ಈರಣ್ಣನಿಗೆ ತಿಳಿಸಿದೆ. ಅವನು ಬಿಚ್ಚಿದ ಕಂಪ್ಯೂಟರನ್ನು ಹಾಗೇ ಬಿಟ್ಟು, ಶಟರ್ ಎಳೆದು, ನನಗಿಂತ ಮೊದಲೇ ಆಸ್ಪತ್ರೆ ಮುಟ್ಟಿದ್ದ. ಸರ್ ಅವನ ಹೆಜ್ಜೆಯಿಂದಲೇ ಗುರುತು ಹಿಡಿದು ಕೈ ಚಾಚಿದರಂತೆ. ನಾನು ಹೋದಾಗ ಅವನು ಆ ಕೈ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತಿದ್ದ. ಇಬ್ಬರೂ ಶಿರಗುಪ್ಪಿಯ ಮಾತಾಡುತ್ತಿದ್ದರು. ಎರೆಹೊಲದಲ್ಲಿ ನೀರು ನಿಂತು ಮೆಣಸಿನಗಿಡ ಕೊಳೆತದ್ದು, ಈರಣ್ಣನ ತಂದೆಯ ಮೊಣಕಾಲು ನೋವು, ಹೊಸ ಎಮ್ಮೆ. ಸರ್ ಎಲ್ಲವನ್ನೂ ಬಿಡಿಸಿ ಬಿಡಿಸಿ ಕೇಳಿದರು. ಸೀಡಿಯ ಬಗ್ಗೆ, ಫೈಲಿನ ಬಗ್ಗೆ, ಆ ಶಾಲೆಯ ಬಗ್ಗೆ ಇಬ್ಬರೂ ತುಟಿ ಬಿಚ್ಚಲಿಲ್ಲ. ಹೊರಡುವಾಗ ಈರಣ್ಣ, ನಾಳೆ ಬರುತ್ತೇನೆಂದ. ಬಾ, ಎಂದರು ಸರ್. ಮೊಗಸಾಲೆಯಲ್ಲಿ ಅವನು ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟ. ನಾನು ಅವನ ಹೆಗಲ ಮೇಲೆ ಕೈಯಿಟ್ಟೆ.

“ಒಂದ್ ಸಲ ಬೈದಿದ್ರ ಛಲೋ ಇತ್ರಿ ಅಕ್ಕಾರ,” ಎಂದ.

ಆ ನಾಳೆ ಬಂದಾಗ ಸರ್‌ಗೆ ಎಚ್ಚರವಿರಲಿಲ್ಲ. ಮತ್ತೆ ಎಚ್ಚರ ಬರಲೂ ಇಲ್ಲ.

ಅವರು ಬರೆದಿಟ್ಟ ಅರ್ಧ ಕೆಲಸವನ್ನು ನಾನು ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುವಂತೆ ಇಟ್ಟೆ, ಯಾರು ಬೇಕಾದರೂ ಮುಂದುವರಿಸಬಹುದೆಂದು ಬರೆದೆ. ದೂರದ ದೇಶದ ಒಬ್ಬರು ಕೆಲವು ಸಾಲು ತಿದ್ದಿದರು. ಆಮೇಲೆ ಯಾರೂ ಮುಟ್ಟಲಿಲ್ಲ. ಆ ಚಿಪ್ ಇದ್ದ ಯಂತ್ರಗಳೇ ಒಂದೊಂದಾಗಿ ಕೆಟ್ಟು ಮೂಲೆ ಸೇರಿದವು. ‘ಬಯಲು’ ಆ ವರ್ಷದ ನಂತರ ಹೊರಬರಲಿಲ್ಲ. ಅಂದು ಇಂಥ ಫೈಲುಗಳನ್ನು ಹೊರಗಿಟ್ಟ ಆ ದೊಡ್ಡ ವ್ಯವಸ್ಥೆಯವರು ಈಗ ತಾವೇ ಅವನ್ನು ಒಳಗೆ ಸೇರಿಸಿಕೊಂಡಿದ್ದಾರೆ, ನಮ್ಮ ಗ್ರಂಥಾಲಯದ ಯಂತ್ರ ತಾನಾಗಿ ಮಾತಾಡಿದ್ದು ಅದರಿಂದಲೇ.

ಕರ್ಮಗಳೆಲ್ಲ ಮುಗಿದು, ಬಂದವರೆಲ್ಲ ಹೋದ ಮೇಲೆ ಒಂದು ಮಧ್ಯಾಹ್ನ ಶಾಲಿನಿ ವೈನಿ ನನ್ನನ್ನೂ ಈರಣ್ಣನನ್ನೂ ಮನೆಗೆ ಕರೆಸಿದರು. ಮಳೆ ಪೂರ್ತಿ ನಿಂತಿತ್ತು, ಪಡಸಾಲೆಯ ಹಗ್ಗ ಬಿಚ್ಚಿತ್ತು, ಗೋಡೆಯ ಮೇಲೆ ಬಿಸಿಲು ಬಿದ್ದಿತ್ತು. ಅವರು ಲ್ಯಾಪ್‌ಟಾಪನ್ನು ಒರೆಸಿ ಈರಣ್ಣನ ಮುಂದಿಟ್ಟರು.

“ಇದಕ್ಕ ಆ ದನಿ ಹಾಕು,” ಎಂದರು.

ಈರಣ್ಣ ನನ್ನ ಮುಖ ನೋಡಿದ. ಸರ್ ಬೇಡವೆಂದಿದ್ದರು ಎಂದು ಮೆಲ್ಲಗೆ ಹೇಳಿದ.

“ಅವರು ಯಾರಿಗೂ ಕೊಡಬಾರದು ಅಂದಿದ್ರು. ನಾ ಯಾರಿಗೂ ಕೊಡಂಗಿಲ್ಲ. ಒಂದ್ ಸಲ ಕೇಳ್ತೀನಿ. ಮನಿ ಭಾಳ ಸುಮ್ಮನ ಅದ.”

ಅವನು ಚೀಲದಿಂದ ತನ್ನ ಸೀಡಿ ತೆಗೆದು, ಅದರಿಂದ ಆ ಫೈಲೊಂದನ್ನೇ ಯಂತ್ರಕ್ಕೆ ತುಂಬಿದ. ಯಂತ್ರ ಆರಿ ಹೊತ್ತಿಕೊಂಡಿತು, ಆ ಮೂಗಿನ ದನಿ ಬಂತು. ಸರ್ ಕೊನೆಗೆ ಬರೆಯುತ್ತಿದ್ದ ಕಡತವನ್ನು ಅವನು ತೆರೆದ. ನಾವು ದಿನಗಟ್ಟಲೆ ಓದಿದ ಅಂಕಿಗಳನ್ನು ಅದು ಗಡಿಬಿಡಿಯಿಂದ ಒದರುತ್ತ ಹೋಯಿತು. ನಡುನಡುವೆ ಸರ್ ಕನ್ನಡದಲ್ಲಿ ಬರೆದಿಟ್ಟ ಟಿಪ್ಪಣಿಗಳಿದ್ದವು: ಇಲ್ಲಿ ಸದ್ದು ಬಂತು, ಇಲ್ಲಿ ಬರಲಿಲ್ಲ, ಶಾಲಿನಿ ಓದಿದ್ದು ಸರಿ, ನಾನು ಕೇಳಿದ್ದು ತಪ್ಪು. ತಮ್ಮ ಹೆಸರು ಬಂದಾಗ ವೈನಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಯಂತ್ರಕ್ಕೆ ಅದೇನು ಗೊತ್ತು, ಅದು ಮುಂದಿನ ಅಂಕಿಗೆ ಹೋಯಿತು. ಕಡತ ಮುಗಿಯುವವರೆಗೆ ಅವರು ಕದಲಲಿಲ್ಲ.

ಆಮೇಲೆ ಕಣ್ಣೊರೆಸಿಕೊಂಡು, ಸಾಕು, ಅದನ್ನು ಈಗ ತೆಗೆದುಬಿಡು ಎಂದರು.

ಈರಣ್ಣ ತಡೆದು ತಡೆದು ಕೇಳಿದ, “ಇರ್ಲಿ ಬಿಡ್ರಿ ಬಾಯಾರ. ಯಾರ ಬಂದು ಕೇಳತಾರ್ರಿ?”

“ಅವರು ಇಟ್ಕೊಂಡಿರ್ಲಿಲ್ಲಪ್ಪಾ,” ಎಂದರು ವೈನಿ.

ಈರಣ್ಣ ಯಂತ್ರವನ್ನು ತನ್ನ ಕಡೆಗೆ ತಿರುಗಿಸಿಕೊಂಡ. ಆ ಫೈಲನ್ನು ಹುಡುಕಿ ತೆಗೆದ. ಯಂತ್ರವನ್ನು ಮತ್ತೆ ಹೊತ್ತಿಸಿ, ಸ್ಪೀಕರಿನ ಹತ್ತಿರ ಕಿವಿ ತಂದು, ಏನೂ ಬರುತ್ತಿಲ್ಲವೆಂದು ಖಾತ್ರಿಯಾಗುವವರೆಗೆ ಹಾಗೆಯೇ ಬಗ್ಗಿ ಕೂತಿದ್ದ.